ಟೂರಿಂಗ್ ಬೈಕಿಗೆ ಆಡಿಯೊ: ದುಡ್ಡು ಹೆಲ್ಮೆಟ್‌ಗೆ ಹಾಕಬೇಕೋ, ಫೇರಿಂಗ್‌ಗೋ?

ಬೈಕಿನಲ್ಲಿ ಹಾಡು ಸರಿಯಾಗಿ ಕೇಳಿಸುತ್ತಿಲ್ಲ, ಯಾವ ಸ್ಪೀಕರ್ ಹಾಕಿಸಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಸ್ಪೀಡಿನಲ್ಲಿ ಕೇಳಿಸುತ್ತಿಲ್ಲ? ಸಿಗ್ನಲ್‌ನಲ್ಲಿ ನಿಂತಾಗ ಎಂಥ ಸ್ಪೀಕರೂ ಚೆನ್ನಾಗೇ ಹಾಡುತ್ತದೆ. ಅರವತ್ತು ದಾಟಿದಾಗ ಬೇಸ್ ಕಾಣೆಯಾಗುತ್ತದೆ. ಎಂಬತ್ತಕ್ಕೆ ಹಾಡಿನ ಸಾಲು ಹಾರಿಹೋಗುತ್ತದೆ. ನೂರಕ್ಕೆ ಬಂದರೆ ಜಿಪಿಎಸ್ ಎಡಕ್ಕೆ ಎಂದಿತೋ ಬಲಕ್ಕೆ ಎಂದಿತೋ ಗೊತ್ತಾಗುವುದಿಲ್ಲ.

ಸ್ಪೀಕರ್ ಅದೇ, ಹಾಡೂ ಅದೇ. ಬದಲಾಗಿದ್ದು ಗಾಳಿ. ಹೆಲ್ಮೆಟ್ ಒಳಗಿನ ಗಾಳಿಯ ಸದ್ದು ಗಂಟೆಗೆ 60 ಕಿ.ಮೀ. ವೇಗದಲ್ಲೇ 90 ಡೆಸಿಬಲ್ ಆಸುಪಾಸು ಇರುತ್ತದೆ. ಹೈವೇ ಸ್ಪೀಡಿಗೆ 100 ಮುಟ್ಟುತ್ತದೆ, ದಾಟುವುದೂ ಉಂಟು. ಇಂಜಿನ್ ಸದ್ದು, ಸೈಲೆನ್ಸರ್ ಸದ್ದು ಎಲ್ಲ ಇದರ ಮುಂದೆ ಕಡಿಮೆಯೇ. ಕೆಲಸದ ಜಾಗದ ಸುರಕ್ಷತೆಗೆ ಅಮೆರಿಕದ ನಯಾಷ್ ಸಂಸ್ಥೆ ಹಾಕಿಕೊಂಡ ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಬೆಂಗಳೂರಿನಿಂದ ಹುಬ್ಬಳ್ಳಿಗೆ 400 ಕಿ.ಮೀ. ಹೋಗುವವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿ ಹಾಕಿ ನೋಡಿ.

ಅದಕ್ಕೇ ಬೈಕ್ ಆಡಿಯೊ ವಿಷಯದಲ್ಲಿ ನನ್ನದು ಒಂದೇ ಹಟ. ಮೊದಲು ಗಾಳಿ ಸದ್ದು ಇಳಿಸಿ. ಆಮೇಲೆ ಸ್ಪೀಕರನ್ನು ಕಿವಿಯ ಹತ್ತಿರ ತನ್ನಿ. ಬೈಕಿನ ಮೇಲೆ ವಾಟ್ಸ್ ಸುರಿಯುವುದು ಕೊನೆಯ ಮಾತು. ಅದೂ ಬೈಕಿಗೆ ದೊಡ್ಡ ಫೇರಿಂಗ್, ಅಂದರೆ ಮುಂದೆ ಗಾಳಿ ತಡೆಯುವ ಹೊದಿಕೆ ಇದ್ದರೆ ಮಾತ್ರ. ಅಂಗಡಿಗಳಲ್ಲಿ ಹೇಳುವ ಕ್ರಮ ಸಾಮಾನ್ಯವಾಗಿ ಇದಕ್ಕೆ ತಿರುಗಾಮುರುಗಾ ಇರುತ್ತದೆ.

ಮೊದಲ ಅಪ್‌ಗ್ರೇಡ್‌ಗೆ ವೈರೇ ಬೇಡ

ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ನೋಡಿರುತ್ತೀರಿ. ಅದನ್ನು ಹಾಕಿಕೊಂಡು ಹಾಡು ಕೇಳಿ ಎಂದರೆ ಜನ ವಿಚಿತ್ರವಾಗಿ ನೋಡುತ್ತಾರೆ. ಕಿವಿ ಮುಚ್ಚಿಕೊಂಡು ಹಾಡು ಕೇಳುವುದು ಹೇಗೆ? ವಿಷಯ ಇಷ್ಟೇ. ಪ್ಲಗ್ ಗಾಳಿ ಸದ್ದನ್ನೂ ಇಳಿಸುತ್ತದೆ, ಹಾಡನ್ನೂ ಇಳಿಸುತ್ತದೆ. ಹಾಡಿನ ವಾಲ್ಯೂಮ್ ನಿಮ್ಮ ಕೈಯಲ್ಲಿದೆ, ಅದನ್ನು ಏರಿಸಬಹುದು. ಗಾಳಿಯದ್ದು ಇಳಿದದ್ದು ಇಳಿದ ಹಾಗೇ ಇರುತ್ತದೆ. ಹೆಲ್ಮೆಟ್ ಸ್ಪೀಕರ್ ಜೊತೆ ಪ್ಲಗ್ ಹಾಕಿ ಕೇಳಿದರೆ ಮಾತು ಸ್ಪಷ್ಟವಾಗುತ್ತದೆ, ಸಂಜೆ ಹೊತ್ತಿಗೆ ತಲೆ ಗುಂಯ್‌ಗುಡುವುದು ನಿಲ್ಲುತ್ತದೆ. ಹಾರ್ನ್ ಕೇಳಿಸುವುದಿಲ್ಲ ಎಂಬ ಭಯ ಬೇಡ. ಹಿಂದಿನ ಲಾರಿಯ ಹಾರ್ನ್ ಗಾಳಿಯ ಜೊತೆಜೊತೆಗೇ ಇಳಿಯುವುದರಿಂದ ಅದು ಬೇರೆಯಾಗಿಯೇ ಕೇಳುತ್ತದೆ.

ಹಾಕುವ ರೀತಿ ಮಾತ್ರ ಸರಿ ಇರಬೇಕು. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಸಣ್ಣ ಕಡ್ಡಿಯ ಹಾಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆಯಿರಿ. ಒಳಗೆ ತಳ್ಳಿ, ಅರ್ಧ ನಿಮಿಷ ಬೆರಳಲ್ಲಿ ಹಿಡಿದುಕೊಳ್ಳಿ. ಉಬ್ಬಿ ಕೂತಾಗ ಹೊರಗಿನ ಸದ್ದು ದೂರ ಸರಿದ ಹಾಗೆ ಆಗುತ್ತದೆ. ಅರ್ಧ ಮಾತ್ರ ಒಳಗೆ ಹೋಗಿ ಹೊರಗೆ ಇಣುಕುತ್ತಿದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಫೋಮ್ ಹಿಡಿಸದವರಿಗೆ ರೈಡರ್‌ಗಳಿಗೆಂದೇ ಮಾಡಿದ ಫಿಲ್ಟರ್ ಇರುವ ಸಿಲಿಕಾನ್ ಪ್ಲಗ್ ಇವೆ. ಅವು ಸದ್ದನ್ನು ಕಡಿಮೆ ತಡೆಯುತ್ತವೆ, ಮಾತು ಜಾಸ್ತಿ ಬಿಡುತ್ತವೆ.

ಇನ್ನೊಂದು ವಿಂಡ್‌ಶೀಲ್ಡ್. ಎತ್ತರದ್ದು ಹಾಕಿದರೆ ಸದ್ದು ಕಡಿಮೆ ಎನ್ನುವುದು ಅರ್ಧ ಸತ್ಯ. ಶೀಲ್ಡಿನ ಅಂಚಿನಿಂದ ಒಡೆದು ಬರುವ ಸುಳಿಗಾಳಿ ನೇರ ಹೆಲ್ಮೆಟ್‌ಗೆ ಬಡಿದರೆ ಶೀಲ್ಡ್ ಇಲ್ಲದ ಬೈಕಿಗಿಂತ ಜಾಸ್ತಿ ಗದ್ದಲ ಆಗುತ್ತದೆ. ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಸೀಟಿನಿಂದ ಎರಡು ಇಂಚು ಮೇಲೆದ್ದು ಕೇಳಿ, ಆಮೇಲೆ ತಲೆ ಎರಡು ಇಂಚು ತಗ್ಗಿಸಿ ಕೇಳಿ. ಎದ್ದಾಗ ಸದ್ದು ಕಡಿಮೆ ಆದರೆ ನಿಮಗೆ ಗಿಡ್ಡ ಶೀಲ್ಡ್ ಬೇಕು. ತಗ್ಗಿದಾಗ ಕಡಿಮೆ ಆದರೆ ಎತ್ತರದ್ದು, ಇಲ್ಲವೇ ಈಗಿರುವುದಕ್ಕೇ ಮೇಲೊಂದು ಡಿಫ್ಲೆಕ್ಟರ್ ಬೇಕು. ಹೆಲ್ಮೆಟ್ ಸಡಿಲ ಇದ್ದರೆ ಕತ್ತಿನ ಕಡೆಯಿಂದ ಗಾಳಿ ನುಗ್ಗುತ್ತದೆ. ಗದ್ದದ ಕೆಳಗಿನ ಬಟ್ಟೆಯ ಪರದೆ, ಅಂದರೆ ಚಿನ್ ಕರ್ಟನ್ ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಇದಿಷ್ಟು ಮಾಡಿದ ಮೇಲೆ ಎಷ್ಟೋ ಜನರಿಗೆ ಈಗಿರುವ ಸ್ಪೀಕರೇ ಸಾಕು ಅನ್ನಿಸುತ್ತದೆ. ಸಾಕಾಗದವರಿಗೆ ಮುಂದಿನ ಆಯ್ಕೆಗಳು.

ಹೆಲ್ಮೆಟ್ ಸ್ಪೀಕರ್ ಮತ್ತು ಇಂಟರ್‌ಕಾಮ್

ಹಿಮಾಲಯನ್, ಮೀಟಿಯರ್, ಸಿಬಿ350, ಡಾಮಿನಾರ್, ಕೆಟಿಎಂ ಅಡ್ವೆಂಚರ್ ಇಂಥ ಬೈಕುಗಳಲ್ಲಿ ಊರೂರು ಸುತ್ತುವವರಿಗೆ ನಾನು ಎರಡನೇ ಯೋಚನೆ ಇಲ್ಲದೆ ಹೇಳುವುದು ಇದನ್ನೇ. ಸ್ಪೀಕರ್ ಕಿವಿಗೆ ಒಂದೆರಡು ಸೆಂಟಿಮೀಟರ್ ದೂರದಲ್ಲಿರುತ್ತದೆ. ಶೀಲ್ಡ್, ವೈಸರ್, ಹೆಲ್ಮೆಟ್‌ನ ಥರ್ಮಾಕೋಲ್ ಯಾವುದನ್ನೂ ದಾಟಿ ಬರಬೇಕಿಲ್ಲ. ಬೈಕಿನ ಬ್ಯಾಟರಿ ಮುಟ್ಟುವ ಅಗತ್ಯವಿಲ್ಲ. ಬೈಕ್ ಮಾರಿದರೂ ಇದು ನಿಮ್ಮ ಹತ್ತಿರವೇ ಉಳಿಯುತ್ತದೆ.

ಇದರಲ್ಲಿ ಮೂರು ಹಂತ ಇವೆ. ಫೋನಿಗೆ ಮಾತ್ರ ಜೋಡಿಸುವ ಸಾದಾ ಬ್ಲೂಟೂತ್ ಸೆಟ್ ಮೊದಲನೆಯದು. ಒಬ್ಬರೇ ಹೋಗುವವರಿಗೆ ಹಾಡಿಗೂ ದಾರಿಗೂ ಇದು ಸಾಕು. ಎರಡನೆಯದು ಬ್ಲೂಟೂತ್ ಇಂಟರ್‌ಕಾಮ್. ಹಿಂದೆ ಕೂತವರ ಜೊತೆ, ಅಥವಾ ಇನ್ನೊಂದೆರಡು ಬೈಕಿನವರ ಜೊತೆ ಮಾತಾಡಬಹುದು. ಇದರ ತೊಂದರೆ ಗುಂಪು ದೊಡ್ಡದಾದಾಗ ಕಾಣುತ್ತದೆ. ಒಬ್ಬರಿಂದ ಒಬ್ಬರಿಗೆ ಸರಪಳಿಯ ಹಾಗೆ ಕೊಂಡಿ ಇರುವುದರಿಂದ ನಡುವಿನವರು ಪೆಟ್ರೋಲ್‌ಗೆ ನಿಂತರೆ ಹಿಂದಿನವರ ದನಿ ಮುಂದಿನವರಿಗೆ ಸಿಗುವುದಿಲ್ಲ. ಮೂರನೆಯದು ಮೆಶ್. ಎಲ್ಲರೂ ಎಲ್ಲರಿಗೂ ತಾವಾಗಿಯೇ ಕೂಡಿಕೊಳ್ಳುತ್ತಾರೆ. ಒಬ್ಬರು ತಪ್ಪಿದರೆ ಉಳಿದವರ ಮಾತು ನಿಲ್ಲುವುದಿಲ್ಲ, ತಪ್ಪಿದವರು ಹತ್ತಿರ ಬಂದಾಗ ತಾವೇ ಮತ್ತೆ ಸೇರುತ್ತಾರೆ.

ಮೆಶ್‌ನಲ್ಲಿ ಕಾರ್ಡೊ, ಸೇನಾ ಎರಡೂ ಹಳೆಯ ಹೆಸರುಗಳು. ಕಾರ್ಡೊ ಪ್ಯಾಕ್‌ಟಾಕ್ ಎಡ್ಜ್‌ನಲ್ಲಿ ಜೆಬಿಎಲ್‌ನ 40 ಮಿ.ಮೀ. ಸ್ಪೀಕರ್ ಇದೆ, ನೀರಿಗೆ ಐಪಿ67 ದರ್ಜೆ ಇದೆ, ಯೂನಿಟ್ ಅಯಸ್ಕಾಂತದಲ್ಲಿ ಕೂರುತ್ತದೆ. ಸೇನಾ 50ಎಸ್‌ನಲ್ಲಿ ಹಾರ್ಮನ್ ಕಾರ್ಡನ್ ಸ್ಪೀಕರ್ ಬರುತ್ತದೆ. ನಮ್ಮ ಬೆಂಗಳೂರಿನದೇ ಬ್ಲೂಆರ್ಮರ್ ಕಂಪನಿ ಇದೆ, ಅವರ ಮೆಶ್‌ಗೆ ರೈಡ್‌ಗ್ರಿಡ್ ಎಂದು ಹೆಸರು. ಸರ್ವಿಸ್ ಊರಲ್ಲೇ ಆಗುತ್ತದೆ ಎನ್ನುವುದು ಸಣ್ಣ ವಿಷಯವಲ್ಲ. ಚಾರ್ಜಿಂಗ್ ಪೋರ್ಟ್ ಹಾಳಾಗಿ ಯೂನಿಟ್ಟನ್ನು ವಿದೇಶಕ್ಕೆ ಕಳಿಸಿ ಕಾಯುವವರನ್ನು ಕೇಳಿ ನೋಡಿ.

ಕೊಳ್ಳುವ ಮುಂಚೆ ತಿಳಿದಿರಬೇಕಾದ ದೊಡ್ಡ ವಿಷಯ ಇದು: ಒಂದು ಕಂಪನಿಯ ಮೆಶ್ ಇನ್ನೊಂದು ಕಂಪನಿಯ ಮೆಶ್ ಜೊತೆ ಸಾಮಾನ್ಯವಾಗಿ ಮಾತಾಡುವುದಿಲ್ಲ. ಬೇರೆ ಬ್ರಾಂಡಿನವರನ್ನು ಸೇರಿಸಲು ಮತ್ತೆ ಹಳೆಯ ಬ್ಲೂಟೂತ್ ದಾರಿಗೇ ಬರಬೇಕು. ಹಾಗಾಗಿ ನಿಮ್ಮ ಗುಂಪಿನಲ್ಲಿ ಜಾಸ್ತಿ ಜನ ಯಾವುದು ಇಟ್ಟುಕೊಂಡಿದ್ದಾರೋ ಅದನ್ನೇ ತಗೊಳ್ಳಿ. ರಿವ್ಯೂನಲ್ಲಿ ಬೇರೆಯದಕ್ಕೆ ಜಾಸ್ತಿ ಅಂಕ ಬಂದಿದ್ದರೂ ಸರಿ, ಇದೇ ಮುಖ್ಯ. ಡಬ್ಬಿಯ ಮೇಲೆ ಬರೆದ ರೇಂಜ್ ಬಯಲಿನ ಲೆಕ್ಕ. ಚಾರ್ಮಾಡಿಯಲ್ಲಿ, ಆಗುಂಬೆಯಲ್ಲಿ ತಿರುವು ಮುಗಿಯುವುದರೊಳಗೆ ಗುಡ್ಡ ಅಡ್ಡ ಬರುತ್ತದೆ, ಅಲ್ಲಿ ಅದರ ಸಣ್ಣ ಪಾಲೂ ಸಿಗುವುದಿಲ್ಲ.

ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವವರು ಐಪಿ ನಂಬರ್ ನೋಡದೆ ಕೊಳ್ಳಬಾರದು. ಐಪಿ67 ಎಂದರೆ ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯುತ್ತದೆ. ಐಪಿಎಕ್ಸ್5 ಎಂದರೆ ರಭಸದ ನೀರನ್ನು ತಡೆಯುತ್ತದೆ. ಎಕ್ಸ್ ಇರುವ ಜಾಗ ಧೂಳಿನ ಪರೀಕ್ಷೆಯ ಅಂಕಿ ಕೊಟ್ಟಿಲ್ಲ ಎಂದು ಹೇಳುತ್ತದೆ. ಏನೂ ಬರೆಯದೆ ಬರೀ ವಾಟರ್‌ಪ್ರೂಫ್ ಎಂದು ಹಾಕಿದ್ದರೆ ನಂಬಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಸ್ಪೀಕರ್ ಕೂರಿಸುವ ಜಾಗ. ದುಬಾರಿ ಸೆಟ್ ಕೊಂಡು ಬೇಸ್ ಇಲ್ಲ ಎಂದು ಗೊಣಗುವವರಲ್ಲಿ ಹೆಚ್ಚಿನವರ ಸಮಸ್ಯೆ ಇಲ್ಲೇ ಇರುತ್ತದೆ. ಹೆಲ್ಮೆಟ್ ಹಾಕಿಕೊಂಡು ಹಾಡು ಹಚ್ಚಿ. ಎರಡೂ ಅಂಗೈಯಿಂದ ಹೆಲ್ಮೆಟ್‌ನ ಕಿವಿ ಭಾಗವನ್ನು ಒಳಕ್ಕೆ ಒತ್ತಿ. ಒತ್ತಿದ ಕೂಡಲೇ ಬೇಸ್ ತುಂಬಿಕೊಂಡು ಬಂತಾ? ಹಾಗಾದರೆ ಸ್ಪೀಕರ್ ಕಿವಿಯಿಂದ ದೂರ ಕೂತಿದೆ. ಪ್ಯಾಡ್ ತೆಗೆದು, ಡಬ್ಬಿಯಲ್ಲಿ ಬಂದಿರುವ ವೆಲ್ಕ್ರೋ ಬಿಲ್ಲೆಗಳನ್ನು ಸ್ಪೀಕರ್ ಹಿಂದೆ ಒಂದರ ಮೇಲೊಂದು ಹಾಕಿ ಮುಂದಕ್ಕೆ ತನ್ನಿ. ಕಿವಿಯ ಅಂಚಿಗೆ ತಾಗಿಯೂ ತಾಗದ ಹಾಗೆ ಇರಬೇಕು. ತಾಗಿ ಒತ್ತಿದರೆ ಒಂದು ಗಂಟೆಯಲ್ಲಿ ನೋವು ಶುರುವಾಗುತ್ತದೆ. ಈಗ ಹೆಲ್ಮೆಟ್ಟನ್ನು ಸ್ವಲ್ಪ ಮೇಲೆ ಕೆಳಗೆ, ಹಿಂದೆ ಮುಂದೆ ಜಗ್ಗಿ. ಯಾವ ಕಡೆ ಜಗ್ಗಿದಾಗ ಸದ್ದು ತಿಳಿಯಾಯಿತೋ ಆ ಕಡೆಗೇ ಸ್ಪೀಕರ್ ಸರಿಸಿ. ಬಹಳಷ್ಟು ಹೆಲ್ಮೆಟ್‌ಗಳಲ್ಲಿ ಕಂಪನಿ ಮಾಡಿದ ಗುಳಿ ನಮ್ಮ ಕಿವಿಯ ತೂತಿಗಿಂತ ಹಿಂದೆಯೋ ಕೆಳಗೋ ಇರುತ್ತದೆ. ಒಂದು ಸೆಂಟಿಮೀಟರ್ ತಪ್ಪಿದರೂ ಅರ್ಧ ಹಾಡು ಹೋಗುತ್ತದೆ. ಗುಳಿ ಇಲ್ಲದ ಹೆಲ್ಮೆಟ್‌ನಲ್ಲಿ ಥರ್ಮಾಕೋಲ್ ಕೆರೆದು ಜಾಗ ಮಾಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಬಿದ್ದಾಗ ತಲೆ ಉಳಿಸುವುದು ಅದೇ ಪದರ.

ಫೋನಿನ ವಾಲ್ಯೂಮ್ ಪೂರ್ತಿಯ ಹತ್ತಿರ ಇಟ್ಟು, ಹೆಡ್‌ಸೆಟ್ಟಿನಲ್ಲಿ ಬೇಕಾದಷ್ಟು ಇಳಿಸಿಕೊಳ್ಳಿ. ಉಲ್ಟಾ ಮಾಡಿದರೆ ಹಾಡಿನ ಜೊತೆ ಬುಸ್ ಎನ್ನುವ ಸದ್ದೂ ದೊಡ್ಡದಾಗುತ್ತದೆ. ಹೈ-ರೆಸ್ ಕೋಡೆಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಹೆಚ್ಚು ಸೂಕ್ಷ್ಮವಾಗಿ ಕಳಿಸುವ ವಿಧಾನ) ಇದೆ ಎಂದು ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ಅಷ್ಟು ಸೂಕ್ಷ್ಮ ವ್ಯತ್ಯಾಸ ಕೇಳಬೇಕಾದರೆ ಮನೆಯಲ್ಲಿ ಕೂತು ಕೇಳಬೇಕು. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಇದರ ಬದಲು ಕಿವಿಗೆ ಇಯರ್‌ಬಡ್ ಹಾಕಿಕೊಂಡರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ನನಗೆ ಒಪ್ಪಿಗೆ ಇಲ್ಲ. ಹೆಲ್ಮೆಟ್ ಹಾಕುವಾಗ ಬಡ್ ಜಾರುತ್ತದೆ. ಜಾರಿದ್ದನ್ನು ಸರಿ ಮಾಡಲು ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆಯಬೇಕು. ಅದರ ಕಾಂಡ ಕಿವಿಗೆ ಒತ್ತುತ್ತದೆ. ಸಿಟಿಯಲ್ಲಿ ಪೊಲೀಸರು ನಿಲ್ಲಿಸಿದರೆ ವಾದಕ್ಕೆ ಬೀಳಬೇಕಾಗುತ್ತದೆ. 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಓಡಿಸುವಾಗ ಫೋನಿನಂಥ ಸಾಧನವನ್ನು ಕೈಯಲ್ಲಿ ಬಳಸಲು ಅವಕಾಶ ಇರುವುದು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ತಪ್ಪದ ಹಾಗೆ. ಇಂಟರ್‌ಕಾಮ್ ಇದೆ ಎಂದು ಟ್ರಾಫಿಕ್ಕಿನಲ್ಲಿ ಕರೆ ತೆಗೆದುಕೊಳ್ಳುವುದನ್ನೂ ನಾನು ಬೇಡ ಎಂದೇ ಹೇಳುತ್ತೇನೆ. ಹಾಡಿಗೆ ಉತ್ತರ ಕೊಡಬೇಕಿಲ್ಲ, ಕರೆಗೆ ಕೊಡಬೇಕು.

ಹ್ಯಾಂಡಲ್‌ಬಾರ್ ಸ್ಪೀಕರ್

ಆನ್‌ಲೈನ್‌ನಲ್ಲಿ, ಬೆಂಗಳೂರಿನ ಜೆ.ಸಿ. ರೋಡಿನಲ್ಲಿ, ಎಸ್.ಪಿ. ರೋಡಿನಲ್ಲಿ ಧಾರಾಳವಾಗಿ ಸಿಗುವ ಮಾಲು. ಎರಡು ಕ್ರೋಮ್ ಬಟ್ಟಲು, ನಡುವೆ ಒಂದು ಸಣ್ಣ ಆಂಪ್ (ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್), ಡಬ್ಬಿಯ ಮೇಲೆ 600 ವಾಟ್ಸ್. ಈ ಅಂಕಿಯನ್ನು ಪರೀಕ್ಷಿಸುವುದು ತುಂಬಾ ಸುಲಭ. ಕೆಂಪು ವೈರಿನಲ್ಲಿರುವ ಫ್ಯೂಸ್ ಡಬ್ಬಿ ಬಿಚ್ಚಿ ನೋಡಿ. ಒಳಗೆ 3 ಆಂಪಿಯರ್ ಫ್ಯೂಸ್ ಇದೆ ಎಂದುಕೊಳ್ಳಿ. ಬೈಕಿನ ಲೈನಿನಲ್ಲಿ 14 ವೋಲ್ಟ್. 14ನ್ನು 3ರಿಂದ ಗುಣಿಸಿದರೆ 42 ವಾಟ್ಸ್. ಅದಕ್ಕಿಂತ ಜಾಸ್ತಿ ಹೊತ್ತು ಎಳೆದರೆ ಫ್ಯೂಸ್ ಹೋಗುತ್ತದೆ. ಆಂಪ್‌ನಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೆ ಎರಡು ಸ್ಪೀಕರಿಗೆ ಸೇರಿ ಮೂವತ್ತು ಚಿಲ್ಲರೆ ವಾಟ್ಸ್ ಸಿಕ್ಕರೆ ಪುಣ್ಯ. ಇದೇ ಲೆಕ್ಕವನ್ನು ಯಾವ ಆಂಪ್‌ಗಾದರೂ ಹಾಕಬಹುದು. ಡಬ್ಬಿಯಲ್ಲಿ ಮ್ಯಾಕ್ಸ್, ಪೀಕ್ ಎಂದಿದ್ದರೆ ಅದನ್ನು ಬಿಟ್ಟು ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ವಾಟ್ಸ್ ಎಂದು ಬರೆದಿರುವ ಅಂಕಿ ಹುಡುಕಿ. ಆ ಪದವೇ ಇಲ್ಲದಿದ್ದರೆ ಕೆಳಗಿಡಿ.

ನಿಧಾನಕ್ಕೆ ಹೋಗುವವರಿಗೆ ಇವು ಬೇಡವೆಂದಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕುಗಳನ್ನು ಬಿಡುತ್ತಿಲ್ಲ, ಸರ್ವಿಸ್ ರೋಡಿನಲ್ಲೇ ಹೋಗಬೇಕು. ಅಂಥ ಐವತ್ತರ ವೇಗದಲ್ಲಿ, ತೆರೆದ ಹೆಲ್ಮೆಟ್‌ನಲ್ಲಿ ಹಾಡು ಕೇಳುತ್ತದೆ. ಆದರೆ ನಿಮ್ಮ ಹಾಡು ಪಕ್ಕದ ಆಟೋದವರಿಗೆ ನಿಮಗಿಂತ ಚೆನ್ನಾಗಿ ಕೇಳುತ್ತದೆ.

ಫೇರಿಂಗ್ ಸ್ಪೀಕರ್: ದೊಡ್ಡ ಬೈಕಿನವರ ದಾರಿ

ಈ ಹುಚ್ಚಿನ ತವರು ಅಮೆರಿಕ. ಹಾರ್ಲೆ ಸ್ಟ್ರೀಟ್ ಗ್ಲೈಡ್, ರೋಡ್ ಗ್ಲೈಡ್, ಅದರ ಜೊತೆಗೆ ಹೊಂಡಾ ಗೋಲ್ಡ್ ವಿಂಗ್. ಬೈಕ್ ಆಡಿಯೊಗೆಂದೇ ಸ್ಪೀಕರ್ ಮಾಡುವ ರಾಕ್‌ಫರ್ಡ್ ಫಾಸ್‌ಗೇಟ್, ಹಾಗ್‌ಟ್ಯೂನ್ಸ್, ಹರ್ಟ್ಸ್, ಡೈಮಂಡ್ ಆಡಿಯೊ ಹೆಸರುಗಳೆಲ್ಲ ಅಲ್ಲಿ ರೈಡರ್‌ಗಳ ಬಾಯಲ್ಲಿ ಓಡಾಡುತ್ತವೆ. ಅಲ್ಲಿರುವ ನಮ್ಮವರಲ್ಲಿ ಹಾರ್ಲೆ ಇಟ್ಟುಕೊಂಡವರಿಗೂ, ಇಲ್ಲಿ ಅಂಥ ಬೈಕ್ ಇರುವವರಿಗೂ ಈ ಭಾಗ. ಇಲ್ಲಿ ಸ್ಪೀಕರಿಗೆ ಒಂದು ಗೂಡು ಇದೆ, ಗಾಳಿ ತಡೆಯಲು ಶೀಲ್ಡ್ ಇದೆ, ಕರೆಂಟ್ ಕೊಡಲು ದಪ್ಪ ಆಲ್ಟರ್ನೇಟರ್ ಇದೆ. ಹಾಗಾಗಿ ಖರ್ಚಿಗೆ ಫಲ ಸಿಗುತ್ತದೆ.

ಮೊದಲು ದೂರದ ಲೆಕ್ಕ. ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಫೇರಿಂಗ್‌ನಿಂದ ಓಡಿಸುವವರ ಕಿವಿಗೆ ಸುಮಾರು ಎರಡು ಅಡಿ ಇದ್ದರೆ ಹಿಂದೆ ಕೂತವರಿಗೆ ನಾಲ್ಕು ಅಡಿ. ಜೊತೆಗೆ ನಡುವೆ ನಿಮ್ಮ ಬೆನ್ನು. ಅದಕ್ಕೇ ಹಿಂದೆ ಕೂತವರಿಗೂ ಕೇಳಿಸಬೇಕೆಂದರೆ ಮುಂದಿನ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ, ಸ್ಯಾಡಲ್‌ಬ್ಯಾಗ್ (ಪಕ್ಕದ ಪೆಟ್ಟಿಗೆ) ಮುಚ್ಚಳದಲ್ಲೋ ಟೂರ್ ಪ್ಯಾಕ್‌ನಲ್ಲೋ (ಸೀಟಿನ ಹಿಂದಿನ ಪೆಟ್ಟಿಗೆ) ಬೇರೆ ಸ್ಪೀಕರ್ ಬೇಕು.

ವಾಟ್ಸ್ ಎರಡರಷ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವಾಟ್ಸ್ ಹತ್ತರಷ್ಟಾಗಬೇಕು. ಇದನ್ನು ತಿಳಿದವರು ವಾಟ್ಸ್ ಬಿಟ್ಟು ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಾಟ್ಸ್‌ಗೆ ಎಷ್ಟು ಸದ್ದು ಕೊಡುತ್ತದೆ ಎನ್ನುವುದನ್ನು ನೋಡುತ್ತಾರೆ. 88 ಡೆಸಿಬಲ್ ಸ್ಪೀಕರಿನ ಬದಲು 91 ಡೆಸಿಬಲ್‌ನದು ಹಾಕಿದರೆ ಆಂಪ್ ಎರಡರಷ್ಟು ಮಾಡಿದ್ದಕ್ಕೆ ಸಮ, ಅದೂ ಬ್ಯಾಟರಿಯಿಂದ ಒಂದು ಪೈಸೆ ಜಾಸ್ತಿ ಎಳೆಯದೆ. ಹಾರ್ನ್ ಟ್ವೀಟರ್ (ಕಹಳೆಯಾಕಾರದ ಬಾಯಿರುವ, ಏರುದನಿಯ ಸಣ್ಣ ಸ್ಪೀಕರ್) ಇರುವ ಪ್ರೊ ಆಡಿಯೊ ಮಾದರಿಗಳು ಗಾಳಿಯನ್ನು ಸೀಳಿಕೊಂಡು ಬರುವುದು ಈ ಕಾರಣಕ್ಕೇ. ಅವುಗಳ ಬೇಸ್ ಕಡಿಮೆ, ದನಿ ಸ್ವಲ್ಪ ಒರಟು. ಹೈವೇಯಲ್ಲಿ ಬೇಸ್ ಹೇಗೂ ಗಾಳಿಗೆ ಹೋಗುತ್ತದೆ, ಹಾಗಾಗಿ ನನ್ನ ಮತ ಇವುಗಳಿಗೇ. ನಿಧಾನವಾಗಿ ಹೋಗುತ್ತಾ ಹಳೆಯ ಮೆಲೋಡಿ ಕೇಳುವವರಿಗೆ ನಡುವೆಯೇ ಟ್ವೀಟರ್ ಕೂತಿರುವ ಸಾದಾ ಕೋಆಕ್ಸಿಯಲ್ ಸ್ಪೀಕರ್ ಚೆಂದ.

ಹಾರ್ಲೆಯವರು ತಮ್ಮ ಬೈಕಿನ ವರ್ಷ ನೋಡಿಯೇ ಮುಂದುವರಿಯಬೇಕು. 2013ರವರೆಗಿನ ಫೇರಿಂಗ್‌ಗಳಲ್ಲಿ ಐದೂಕಾಲು ಇಂಚಿನ ಸ್ಪೀಕರ್. 2014ರಿಂದ ಸಾಮಾನ್ಯವಾಗಿ ಆರೂವರೆ ಇಂಚು. ಆ 2014ರ ನಂತರದ ರೇಡಿಯೊಗಳಲ್ಲಿ ಹೆಚ್ಚಿನವು 2 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆಂದು ಮಾಡಿದವು. ಕಾರಿನ ಅಂಗಡಿಯಿಂದ 4 ಓಮ್ ಸ್ಪೀಕರ್ ತಂದು ಅದೇ ರೇಡಿಯೊಗೆ ಹಾಕಿದರೆ ವಾಟ್ಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ದುಬಾರಿ ಸ್ಪೀಕರ್ ಹಾಕಿ ಸದ್ದು ಮೊದಲಿಗಿಂತ ಕಡಿಮೆಯಾಯಿತು ಎನ್ನುವವರ ಕತೆ ಇದೇ. ಉಲ್ಟಾ ಮಾಡಿದರೆ, ಅಂದರೆ 4 ಓಮ್‌ಗೆ ಮಾತ್ರ ತಾಳುವ ಆಂಪ್‌ಗೆ 2 ಓಮ್ ಸ್ಪೀಕರ್ ಹಾಕಿದರೆ, ಆಂಪ್ ಬಿಸಿಯಾಗಿ ಆಫ್ ಆಗುತ್ತದೆ. ಆಂಪ್ ಹಾಕುವಾಗ ಇನ್ನೊಂದು ವಿಷಯ ಕೇಳಿಕೊಳ್ಳಿ. ಕಂಪನಿ ರೇಡಿಯೊ ತನ್ನ ಸ್ಪೀಕರ್ ಉಳಿಸಿಕೊಳ್ಳಲು ವಾಲ್ಯೂಮ್ ಏರಿದಂತೆ ಬೇಸ್ ಕತ್ತರಿಸುತ್ತದೆ. ಹೊಸ ಆಂಪ್‌ಗೂ ಆ ಕತ್ತರಿಸಿದ ಸಿಗ್ನಲ್ಲೇ ಹೋಗುತ್ತದೆ. ಅದನ್ನು ಸರಿಮಾಡಲು ರೇಡಿಯೊ ಫ್ಲ್ಯಾಶ್ ಮಾಡಿಸಬೇಕು, ಅಂದರೆ ಅದರ ಸಾಫ್ಟ್‌ವೇರ್ ಬದಲಿಸಬೇಕು, ಇಲ್ಲವೇ ಡಿಎಸ್‌ಪಿ (ಸಿಗ್ನಲ್ ತಿದ್ದುವ ಚಿಪ್) ಇರುವ ಆಂಪ್ ತಗೊಳ್ಳಬೇಕು. ಫ್ಲ್ಯಾಶ್ ಮಾಡುವವರು ನಿಮ್ಮ ಊರಲ್ಲಿ ಯಾರೂ ಇಲ್ಲದಿದ್ದರೆ ಡಿಎಸ್‌ಪಿಯೇ ದಾರಿ.

ಸ್ಟ್ರೀಟ್ ಗ್ಲೈಡ್‌ನ ಬ್ಯಾಟ್‌ವಿಂಗ್ ಫೇರಿಂಗ್ ಹ್ಯಾಂಡಲ್ ಜೊತೆ ತಿರುಗುತ್ತದೆ. ರೋಡ್ ಗ್ಲೈಡ್‌ದೂ ಗೋಲ್ಡ್ ವಿಂಗ್‌ದೂ ಫ್ರೇಮಿಗೆ ಕೂತಿರುತ್ತದೆ, ತಿರುಗುವುದಿಲ್ಲ. ತಿರುಗುವ ಫೇರಿಂಗ್‌ನಲ್ಲಿ ಇಡುವ ಪ್ರತಿ ಕಿಲೋ ತೂಕವೂ ಸ್ಟೀರಿಂಗ್ ಮೇಲೆ ಬೀಳುತ್ತದೆ. ಅಲ್ಲಿ ಕಡಿಮೆ ಬಿಸಿಯಾಗುವ ಸಣ್ಣ ಕ್ಲಾಸ್ ಡಿ ಆಂಪ್ ಒಂದು ಸಾಕು, ಎರಡನೆಯದನ್ನು ಸ್ಯಾಡಲ್‌ಬ್ಯಾಗ್‌ಗೆ ಕಳಿಸಿ. ವೈರ್ ಕಟ್ಟಿದ ಮೇಲೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಯಾವ ವೈರೂ ಬಿಗಿಯಾಗುತ್ತಿಲ್ಲ, ಎಲ್ಲೂ ಒತ್ತಿಕೊಳ್ಳುತ್ತಿಲ್ಲ ಎಂದು ಟಾರ್ಚ್ ಹಾಕಿ ನೋಡಿ.

ಗೋಲ್ಡ್ ವಿಂಗ್ ಇದ್ದರೆ ನನ್ನ ಸಲಹೆ ಬೇರೆ. 2018ರ ಮಾದರಿ ಆಪಲ್ ಕಾರ್‌ಪ್ಲೇ (ಐಫೋನಿನ ಆ್ಯಪ್‌ಗಳನ್ನು ಬೈಕಿನ ಪರದೆಗೆ ತರುವ ಸೌಲಭ್ಯ) ಬಂದ ಮೊದಲ ಬೈಕ್. 2021ರಲ್ಲಿ ಅದಕ್ಕೆ 45 ವಾಟ್ಸ್ ಸ್ಪೀಕರ್ ಬಂತು. 2025ರಲ್ಲಿ ಕಾರ್‌ಪ್ಲೇ ವೈರ್ ಇಲ್ಲದೆ ಕೆಲಸ ಮಾಡುವ ಹಾಗಾಯಿತು. 2018ರಿಂದ 2020ರವರೆಗಿನದು ನಿಮ್ಮದಾದರೆ ಸ್ಪೀಕರ್ ಬದಲಿಸುವುದಕ್ಕೆ ಅರ್ಥವಿದೆ. ಹೊಸದಾದರೆ ಮೊದಲು ಹೆಡ್‌ಸೆಟ್‌ಗೆ ದುಡ್ಡು ಹಾಕಿ. 2018ರ ಬೈಕಿನಲ್ಲಿ ಕಾರ್‌ಪ್ಲೇ ತೆರೆಯಬೇಕೆಂದರೇ ಬ್ಲೂಟೂತ್ ಹೆಡ್‌ಸೆಟ್ ಜೋಡಿಸಿರಬೇಕಿತ್ತು. ಅಷ್ಟು ದೊಡ್ಡ ಬೈಕೂ ಹೆಲ್ಮೆಟ್ ಕಡೆಗೇ ಕೈ ತೋರಿಸುತ್ತದೆ ಎಂದಾಯಿತು, ಅಲ್ವಾ?

ವೈರಿಂಗ್ ವಿಷಯದಲ್ಲಿ ರಾಜಿ ಬೇಡ. ಆಂಪ್‌ನ ಪಾಸಿಟಿವ್ ವೈರ್ ನೇರ ಬ್ಯಾಟರಿಯಿಂದ ಬರಬೇಕು. ಬ್ಯಾಟರಿಯಿಂದ ಒಂದೂವರೆ ಅಡಿಯ ಒಳಗೇ ಫ್ಯೂಸ್ ಇರಬೇಕು. ಫ್ಯೂಸ್ ಕಾಪಾಡುವುದು ಅದರ ಮುಂದಿನ ವೈರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಎಲ್ಲಾದರೂ ಉಜ್ಜಿ ಫ್ರೇಮಿಗೆ ತಾಗಿದರೆ ಬೆಂಕಿಗೆ ಅಡ್ಡ ಏನೂ ಇರುವುದಿಲ್ಲ. ಹೆಡ್‌ಲೈಟ್ ವೈರಿನಿಂದ ಕರೆಂಟ್ ಕದಿಯುವ ಮೆಕ್ಯಾನಿಕ್ ಸಿಕ್ಕರೆ ಬೈಕ್ ವಾಪಸ್ ತನ್ನಿ.

ಕೆಲಸ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ಬ್ಯಾಟರಿ ಅಳೆಯಿರಿ. ಇಂಜಿನ್ ಓಡುವಾಗ ಹಾಡು ಜೋರಾಗಿದ್ದರೂ ಹದಿಮೂರೂವರೆ ವೋಲ್ಟ್ ಹತ್ತಿರ ಇರಬೇಕು. ಐಡಲ್‌ನಲ್ಲಿ 12.8ಕ್ಕಿಂತ ಕೆಳಗೆ ಜಾರುತ್ತಿದ್ದರೆ ಚಾರ್ಜಿಂಗ್‌ಗಿಂತ ಎಳೆತ ಜಾಸ್ತಿ ಎಂದು ಅರ್ಥ. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತರೆ ಮುಂದಿನ ಸ್ಟಾರ್ಟ್‌ಗೆ ಕರೆಂಟ್ ಇರುವುದಿಲ್ಲ. ರಾತ್ರಿ ಕೀ ತೆಗೆದು, ಬೆಳಗ್ಗೆ ಮತ್ತೆ ಅಳೆಯಿರಿ. ಒಳ್ಳೆ ಬ್ಯಾಟರಿ 12.6ರ ಮೇಲೆ ಇರಬೇಕು. ಒಂದೇ ರಾತ್ರಿಯಲ್ಲಿ ಇಳಿದಿದ್ದರೆ ಆಂಪ್ ಆಫ್ ಆಗುತ್ತಿಲ್ಲ, ಅದನ್ನು ಆನ್ ಮಾಡುವ ರಿಮೋಟ್ ವೈರನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಕಡೆಗೆ ಕೊಡಿಸಿ.

ಫೇರಿಂಗ್ ಸ್ಪೀಕರ್ ಇರುವವರಿಗೆ ಒಂದು ಕೋರಿಕೆಯೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಎಂದು ಇಟ್ಟಿದ್ದಾರೆ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹೈವೇಯಲ್ಲಿ ನಿಮಗೆ ಹಾಡು ಕೇಳುವಷ್ಟು ವಾಲ್ಯೂಮ್ ಇಟ್ಟುಕೊಂಡು ಅದೇ ಸದ್ದಿನಲ್ಲಿ ಊರೊಳಗೆ ಬಂದರೆ ಇದೆಲ್ಲ ಮೀರಿ ಎಷ್ಟೋ ದೂರ ಹೋಗಿರುತ್ತದೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನೊಳಗೆ ಹೋಗುವಾಗ ಸ್ಪೀಕರ್ ಪೂರ್ತಿ ಆಫ್ ಮಾಡಿ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆ ಹೈವೇಯನ್ನೇ ಮುಚ್ಚುವುದು ಅಲ್ಲಿನ ಪ್ರಾಣಿಗಳಿಗಾಗಿ. ಹಗಲು ಹೊತ್ತಿನಲ್ಲಿ ಹಾಡು ಹಚ್ಚಿಕೊಂಡು ಆನೆಗಳ ನಡುವೆ ಹೋಗುವುದು ಸರಿಯಲ್ಲ, ಕ್ಷೇಮವೂ ಅಲ್ಲ. ವಾಲ್ಯೂಮ್ ವೇಗಕ್ಕೆ ತಕ್ಕ ಹಾಗೆ ತಾನೇ ಇಳಿಯುವ ಸೌಲಭ್ಯ ಬೈಕಿನಲ್ಲಿದ್ದರೆ ಅದನ್ನು ಆನ್ ಮಾಡಿಯೇ ಇಡಿ.

ಹಾಗಾದರೆ ಯಾರಿಗೆ ಯಾವುದು?

ಒಬ್ಬರೇ ಹೋಗುತ್ತೀರಿ, ಬೈಕ್ 350 ಅಥವಾ 450 ಸಿಸಿಯದು: ಇಯರ್‌ಪ್ಲಗ್ ಮತ್ತು ಸಾದಾ ಬ್ಲೂಟೂತ್ ಹೆಲ್ಮೆಟ್ ಸೆಟ್. ಉಳಿದ ದುಡ್ಡನ್ನು ಒಳ್ಳೆ ಹೆಲ್ಮೆಟ್‌ಗೆ ಹಾಕಿ. ಸರಿಯಾಗಿ ಕೂರುವ ಹೆಲ್ಮೆಟ್ಟೇ ಅರ್ಧ ಆಡಿಯೊ.

ಗಂಡ ಹೆಂಡತಿ ಇಬ್ಬರೂ ಒಂದೇ ಬೈಕಿನಲ್ಲಿ ಹೋಗುವವರಾದರೆ ಎರಡು ಬ್ಲೂಟೂತ್ ಇಂಟರ್‌ಕಾಮ್, ಒಂದೇ ಮಾದರಿಯವು. ಇದಕ್ಕೆ ಮೆಶ್ ಬೇಕಿಲ್ಲ, ನಡುವಿನ ದೂರ ಒಂದು ಅಡಿ. ಹಾಡು ಹಂಚಿಕೊಳ್ಳುವ ಸೌಲಭ್ಯ ಇದೆಯಾ, ಮಾತು ಬಂದಾಗ ಹಾಡು ತಾನೇ ತಗ್ಗುತ್ತದಾ ಎಂದು ಅಂಗಡಿಯಲ್ಲೇ ಹಾಕಿ ನೋಡಿ. ಹಿಂದೆ ಕೂತವರು ನಿಂಬೆಹಣ್ಣಿನ ಜ್ಯೂಸ್‌ಗೆ ನಿಲ್ಲಿಸಿ ಎಂದು ಭುಜ ತಟ್ಟುವುದು ತಪ್ಪುತ್ತದೆ, ಅದೊಂದಕ್ಕೇ ಕೊಟ್ಟ ದುಡ್ಡು ವಸೂಲು.

ಆರೇಳು ಬೈಕಿನ ಗುಂಪಾದರೆ ಮೆಶ್, ಎಲ್ಲರಿಗೂ ಒಂದೇ ಕಂಪನಿಯದು. ಎಲ್ಲರೂ ಒಟ್ಟಿಗೆ ಕೊಳ್ಳಲು ಆಗದಿದ್ದರೆ ಮುಂದೆ ಹೋಗುವವರಿಗೂ ಕೊನೆಗೆ ಬರುವವರಿಗೂ ಮೊದಲು ಕೊಡಿಸಿ. ಗುಂಪು ಒಡೆಯದೆ ಇರುವುದಕ್ಕೆ ಆ ಇಬ್ಬರು ಮಾತಾಡಿಕೊಂಡರೆ ಸಾಕು.

ಹಾರ್ಲೆ, ಗೋಲ್ಡ್ ವಿಂಗ್ ಇದ್ದವರು ಹೆಡ್‌ಸೆಟ್ ಹಾಕಿ ಒಂದು ಲಾಂಗ್ ರೈಡ್ ಮುಗಿಸಿ ಬಂದು ಆಮೇಲೆ ನಿರ್ಧರಿಸಿ. ತೆರೆದ ಹೆಲ್ಮೆಟ್‌ನಲ್ಲಿ ನಿಧಾನವಾಗಿ ಹೋಗುವ ಸುಖವೇ ಬೇಕು, ಕಿವಿಗೆ ಏನೂ ತಾಗಬಾರದು ಎನ್ನುವವರಿಗೆ ಫೇರಿಂಗ್ ಸ್ಪೀಕರೇ ಸರಿ. ಅವರು ಮೊದಲು ಜಾಸ್ತಿ ಸೆನ್ಸಿಟಿವಿಟಿ ಇರುವ, ತಮ್ಮ ರೇಡಿಯೊಗೆ ಹೊಂದುವ ಓಮ್‌ನ ಸ್ಪೀಕರ್ ಮಾತ್ರ ಹಾಕಿಸಲಿ. ಎರಡು ವಾರ ಓಡಿಸಿ, ಸಾಲದಿದ್ದರೆ ಆಂಪ್ ಹಾಕಿಸಲಿ. ಎರಡನ್ನೂ ಒಂದೇ ದಿನ ಹಾಕಿಸಿದರೆ ಯಾವುದರಿಂದ ಎಷ್ಟು ಬದಲಾಯಿತು ಎಂದು ಗೊತ್ತಾಗುವುದಿಲ್ಲ. ಅಂಗಡಿಯವರು ಹಳೆಯ ಸ್ಪೀಕರ್ ಬಿಟ್ಟುಹೋಗಿ ಎಂದರೂ ಕೊಡಬೇಡಿ, ಡಬ್ಬಿಯಲ್ಲಿಟ್ಟು ಮನೆಗೆ ತನ್ನಿ. ಗ್ಯಾರಂಟಿ ಕೆಲಸಕ್ಕೆ ಬೈಕ್ ಬಿಡುವಾಗಲೂ, ಮುಂದೊಂದು ದಿನ ಮಾರುವಾಗಲೂ ಅವು ಬೇಕಾಗುತ್ತವೆ.